ತೂಬು ಹನ್ನೊಂದರ ವಿಳಾಸ

ಫ್ಯಾನು ಹಾಕಿದರೆ ಕಡತ ಹಾರುತ್ತವೆ,
ನಿಲ್ಲಿಸಿದರೆ ನಾನು ಬೇಯುತ್ತೇನೆ.
ಸಿಂಧನೂರಿನ ಮಾರ್ಚು, ನೀರಾವರಿ ಕಚೇರಿಯ ಹಿಂದಿನ ಕೋಣೆ.
ನೀರುಕಂದಾಯದ ಹಳೆ ರಿಜಿಸ್ಟರೊಂದನ್ನು ಕಾಗದಗಳ ಮೇಲೆ ಹೇರಿ
ಕಂಪ್ಯೂಟರಿನಲ್ಲಿ ಕಾಲುವೆಯ ನಕ್ಷೆ ಕೂಡಿಸುತ್ತಿದ್ದೇನೆ:
ನೀಲಿ ಗೆರೆ ಕಾಲುವೆ, ಕೆಂಪು ಚುಕ್ಕಿ ತೂಬು.
ಅಷ್ಟೇ ನನ್ನ ಆಸ್ತಿ.

ಉಳಿದದ್ದೆಲ್ಲ ಪರರ ಮನೆಯಲ್ಲಿದೆ.
ಮೇಲಿನಿಂದ ತೆಗೆದ ಚಿತ್ರ ಒಬ್ಬರಲ್ಲಿ,
ರಸ್ತೆ, ಪೆಟ್ರೋಲ್ ಬಂಕು, ಕಲ್ಯಾಣಮಂಟಪ ಇನ್ನೊಬ್ಬರಲ್ಲಿ,
ಡ್ಯಾಮಿಗೂ ಮುಂಚಿನ ಸರ್ವೆ ಹಾಳೆ ಮತ್ತೊಬ್ಬರ ಕಪಾಟಿನಲ್ಲಿ,
ಮಣ್ಣಿನ ತೇವ ಅಳೆಯುವವರು ಹೈದರಾಬಾದಿನಲ್ಲೋ ಎಲ್ಲೋ.
ಕೌದಿ ಹೊಲಿದಂತೆ ಎನ್ನೋಣವೆಂದರೆ ಹೋಲಿಕೆ ಹರಿಯುತ್ತದೆ:
ಕೌದಿಯ ತುಂಡುಗಳು ನಮ್ಮವೇ ಹಳೆ ಸೀರೆ.
ಇಲ್ಲಿ ನಾನು ಬರೇ ಬಾಗಿಲು ಬಡಿಯುವವಳು.

ನಕ್ಷೆಯ ಮೂಲೆಗೆ ನಾಲ್ಕು ಕೊಂಡಿ ಸಿಕ್ಕಿಸಿದೆ.
ಬೊಟ್ಟಿಟ್ಟ ಜಾಗ ಎರಡೇ ಅಂಕಿ ಕಟ್ಟಿಕೊಂಡು
ಆ ಮನೆಗಳಿಗೆ ಹೊರಡಬೇಕು. ಬುತ್ತಿ ಇಲ್ಲ, ಹೆಸರಿಲ್ಲ.
ಒಂದೊಂದು ಮನೆಗೆ ಒಂದೊಂದು ರಿವಾಜು:
ಒಬ್ಬರಿಗೆ ಅಕ್ಷಾಂಶ ಮೊದಲು, ಒಬ್ಬರಿಗೆ ರೇಖಾಂಶ;
ನಡುವೆ ಅಲ್ಪವಿರಾಮ ಇಡು ಎನ್ನುವವರು,
ಓರೆಗೆರೆ ಇಲ್ಲದಿದ್ದರೆ ಕದ ತೆಗೆಯದವರು,
ಎಷ್ಟು ಎತ್ತರದಿಂದ ನೋಡುತ್ತೀ ಎಂದು
ಮೀಟರಿನಲ್ಲಿ ಕೇಳುವವರು, ಮೆಟ್ಟಿಲಲ್ಲಿ ಕೇಳುವವರು.

ಮಂಗಳವಾರ ಗ್ಯಾಂಗ್‌ಮನ್ ಹುಸೇನಪ್ಪ ಬಂದ,
ನಾಲ್ಕು ತಿಂಗಳ ಪಗಾರ ಕೇಳಲು.
ಸಾಹೇಬರು ಸೈಟಿನಲ್ಲಿದ್ದರು, ಅಂದರೆ ಮನೆಯಲ್ಲಿದ್ದರು.
“ಕುಂಡ್ರಪಾ, ನಿನ್ನ ತೂಬು ತೋರಿಸ್ತೀನಿ” ಎಂದೆ.
ಹನ್ನೊಂದರ ಮೇಲೆ ಬೊಟ್ಟು, ಮೊದಲನೇ ಕೊಂಡಿ.
ಪರದೆ ತುಂಬ ನೀಲಿ. ಅಂಚಿಗೆ ಬೆಳ್ಳಗೆ ಹಿಮದ ದಂಡೆ.
ಅಂಕಿ ಅದಲುಬದಲಾಗಿ
ಹದಿನೈದು ಎಪ್ಪತ್ತಾರಾಗಿ, ಎಪ್ಪತ್ತಾರು ಹದಿನೈದಾಗಿ
ನಮ್ಮ ಎಡದಂಡೆ ಕಾಲುವೆಯ ತೂಬು
ಉತ್ತರ ಧ್ರುವದ ಕಡೆಗೆ ನಡೆದುಬಿಟ್ಟಿತ್ತು.

ಹುಸೇನಪ್ಪ ಟವೆಲಿನಿಂದ ಮುಖ ಒರೆಸಿ, ಬಗ್ಗಿ ನೋಡಿ,
“ಏ ಅಕ್ಕಾರ, ಟೇಲೆಂಡಿಗೆ ಇಷ್ಟು ನೀರು
ಯಾವಾಗ ಬಿಟ್ರಿ?”

ನಗು ಮುಗಿದ ಮೇಲೆ ಅಂಕಿ ತಿದ್ದಿದೆ.
ಮೇಲಿನ ಚಿತ್ರದಲ್ಲಿ ತೂಬು, ಪಕ್ಕದಲ್ಲಿ ಒಂದು ಕಪ್ಪು ಕಲೆ,
ಎಮ್ಮೆಯೋ ಗಾಡಿಯೋ. “ಗಾಡಿ. ನಂದ” ಎಂದ.
ರಸ್ತೆಯವರ ಬಳಿ ಕಾಲುವೆಯೇ ಇಲ್ಲ;
ಸೂರಮ್ಮನ ಕ್ಯಾಂಪಿಗೆ ‘ಸುರಮ್ ಕ್ಯಾಂಪಸ್’ ಎಂದು ಹೆಸರು,
ಮೇಲೊಂದು ಪದವಿಯ ಟೋಪಿ.
ತೇವದವರದು ಇಡೀ ಊರಿಗೆ ಒಂದೇ ಚೌಕ:
ಮೇಲ್ಭಾಗದ ಗದ್ದೆಗೂ ಕೊನೆಯ ಹೊಲದ ಬಿರುಕಿಗೂ
ಅದೇ ಹಸಿರು.
ಸರ್ವೆ ಹಾಳೆ ನಿಧಾನಕ್ಕೆ ಬಿಚ್ಚಿಕೊಂಡಿತು.
ಕಾಲುವೆ ಇನ್ನೂ ಹುಟ್ಟಿಲ್ಲ. ತೂಬಿನ ಜಾಗದಲ್ಲಿ
ಕೈಯಲ್ಲಿ ಬರೆದ ಒಂದು ಈಚಲ ಮರ.
ಹುಸೇನಪ್ಪ ಬೆರಳು ಅದರ ಮೇಲಿಟ್ಟ, ತೆಗೆಯಲಿಲ್ಲ.
“ನಮ್ಮಜ್ಜ ಹೇಳ್ತಿದ್ದ” ಅಂದ.
ಏನು ಹೇಳುತ್ತಿದ್ದನೋ ಹೇಳಲಿಲ್ಲ.

ಯಾವ ಮನೆಯಲ್ಲೂ ಒಂದು ಮಾತಿಗೆ ಉತ್ತರವಿಲ್ಲ:
ಈ ಹೊತ್ತು ತೂಬು ಎಷ್ಟು ಇಂಚು ಎದ್ದಿದೆ?
ರಾತ್ರಿ ಹಾರೆ ಹಾಕಿ ಎತ್ತಿದವರಾರು?
ಅದು ಇವನ ಕಿವಿಯಲ್ಲಿದೆ. ನೀರು ಬೀಳುವ ಸದ್ದಿಗೇ
ಮೂರು, ನಾಲ್ಕು, ಆರೂವರೆ ಎನ್ನುವವನು.
ಹಾಗಾಗಿ ಐದನೆಯ ಕೊಂಡಿ ಬರೆದೆ, ಹತ್ತು ಅಂಕಿಯದು,
ಹಿಂದುಮುಂದಾದರೆ ಯಾರದೋ ಮನೆಗೆ ಹೋಗುವಂಥದು.
ಮೊಬೈಲಿನಲ್ಲಿ ನಕ್ಷೆ ತೆರೆದು ಒತ್ತಿದೆ.

ಎದುರಿನ ಜೇಬು ಗುಂಯ್‌ಗುಟ್ಟಿತು.
“ಹಲೋ, ಯಾರ್ರಿ?” ನನ್ನನ್ನೇ ನೋಡುತ್ತ ಕೇಳಿದ.
“ನೀರಾವರಿ ಕಚೇರಿ. ತೂಬು ಹನ್ನೊಂದು ಹೆಂಗೈತಿ?”
“ನಾ ಇಲ್ಲಿ ಪಗಾರಕ್ಕ ಕುಂತೀನ್ರಿ ಅಕ್ಕಾರ,
ಅಲ್ಲೇನಾಗೈತೋ.”

ಫೋನು ಕಟ್ ಮಾಡದೆ ಎದ್ದು ಹೋದ.
ಟಿವಿಎಸ್ಸು ಕೆಮ್ಮಿ ಹೊರಟ ಸದ್ದು
ಎರಡು ಸಲ ಕೇಳಿತು,
ಕಿಟಕಿಯಿಂದ ಒಮ್ಮೆ, ಕಿವಿಯೊಳಗೆ ಒಮ್ಮೆ.